ಎದೆಯೊಳಗಿನ ನಾಣ್ಯ

ಎಕ್ಸ್-ರೇ ಚಿತ್ರದಲ್ಲಿ ಶ್ವಾಸಕೋಶದ ಕಪ್ಪು ಹರವಿನ ನಡುವೆ ದುಂಡನೆಯ ಬಿಳಿ ಮಚ್ಚೆಯೊಂದು ಕಾಣುತ್ತದೆ. ವೈದ್ಯರು ಅದನ್ನು ನಾಣ್ಯಕ್ಕೆ ಹೋಲಿಸುವುದುಂಟು. ರೋಗಿಯ ಮನೆಯವರಿಗೆ ಮಾತ್ರ ಆ ನಾಣ್ಯದ ಮೇಲೆ ಒಂದೇ ಮುದ್ರೆ ಕಾಣುವುದು: ಕ್ಯಾನ್ಸರ್. ಆದರೆ ಅಮೆರಿಕದ ಅರಿಜೋನಾ ಪ್ರಾಂತದ ಹಾಗೂ ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯ ವೈದ್ಯರು ಇಂಥ ಮಚ್ಚೆಯನ್ನು ಕಂಡಾಗ ತೀರ್ಪಿಗೆ ಆತುರಪಡುವುದಿಲ್ಲ. ಅಲ್ಲಿನ ಮಣ್ಣಿನ ಬೂಷ್ಟೊಂದು ಕ್ಯಾನ್ಸರಿನ ವೇಷವನ್ನು ಬಲು ಚೆನ್ನಾಗಿ ಹಾಕಬಲ್ಲುದು.

ಕಾಕ್ಸಿಡಿಯಾಯ್ಡಿಸ್ ಎಂಬುದು ಆ ಶಿಲೀಂಧ್ರದ ಹೆಸರು. ಅದು ತರುವ ಬೇನೆ ‘ಕಣಿವೆ ಜ್ವರ’. ಒಣನೆಲದಲ್ಲಿ ಎಳೆಎಳೆಯಾಗಿ ಬೆಳೆಯುವ ಅದು ತುಂಡಾಗಿ ಧೂಳಿನೊಡನೆ ಹಾರುತ್ತದೆ. ಉಸಿರಿನಲ್ಲಿ ಒಳಹೊಕ್ಕ ಕಣವು ದುಂಡನೆಯ ಚೀಲವಾಗಿ ಉಬ್ಬಿ, ಒಡೆದು, ಮರಿಕಣಗಳನ್ನು ಚೆಲ್ಲುತ್ತದೆ.

ಗುರುತು ತಪ್ಪುವುದು ಈ ರೋಗದ ಹುಟ್ಟುಗುಣವೆನ್ನಬೇಕು. 1892ರಲ್ಲಿ ಬ್ಯೂನಸ್ ಐರಿಸ್ ನಗರದ ವೈದ್ಯವಿದ್ಯಾರ್ಥಿ ಪೊಸಾಡಾಸ್ ವರ್ಣಿಸಿದ ಮೊದಲ ರೋಗಿ ಒಬ್ಬ ಸೈನಿಕ. ಅವನ ಚರ್ಮದ ಗಡ್ಡೆಗಳನ್ನು ಮೊದಲು ಒಂದು ಬಗೆಯ ಅರ್ಬುದವೆಂದೇ ತಿಳಿಯಲಾಗಿತ್ತು. 1896ರಲ್ಲಿ ಹೆಸರಿಟ್ಟವರು ಅದನ್ನು ಸೂಕ್ಷ್ಮ ಪ್ರಾಣಿಯೆಂದು ಬಗೆದರು. ಅದು ಬೂಷ್ಟೆಂದು ಸಿದ್ಧವಾದುದು 1900ರಲ್ಲಿ. ತಪ್ಪು ಹೆಸರು ಮಾತ್ರ ಇಂದಿಗೂ ಉಳಿದಿದೆ! ತಗುಲಿದವರಿಗೆ ಸಾವೇ ಗತಿಯೆಂಬ ನಂಬಿಕೆಯೂ ಬಹುಕಾಲವಿತ್ತು. 1929ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಹೆರಾಲ್ಡ್ ಚೋಪ್ ಪ್ರಯೋಗಶಾಲೆಯಲ್ಲಿ ಆಕಸ್ಮಿಕವಾಗಿ ಅದರ ಕಣಗಳನ್ನು ಉಸಿರಾಡಿ ಹಾಸಿಗೆ ಹಿಡಿದ. ಆದರೆ ಸಾಯಲಿಲ್ಲ, ಗುಣಹೊಂದಿ ಎದ್ದ.

ಬಹುಮಂದಿ ಹೀಗೆಯೇ ಗುಣವಾಗುತ್ತಾರೆ. ಎಷ್ಟೋ ಜನರಿಗೆ ರೋಗ ಬಂದುಹೋದುದೇ ತಿಳಿಯದು. ಕೆಲವರಲ್ಲಿ ಮಾತ್ರ ಗಂಟೊಂದು ಉಳಿದು, ವರ್ಷಗಳ ಬಳಿಕ ಬೇರಾವುದೋ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಪ್ರತ್ಯಕ್ಷವಾಗುತ್ತದೆ.

ಆಗ ಎಲ್ಲಕ್ಕಿಂತ ಅಗ್ಗದ ಸಾಕ್ಷಿಯೆಂದರೆ ಹಳೆಯ ಎಕ್ಸ್-ರೇ. (ಅಟ್ಟದ ಮೇಲಿನ ಅಂಥ ಹಾಳೆಗಳನ್ನು ಗೃಹಿಣಿಯರು ರದ್ದಿಗೆ ಹಾಕದಿರುವುದು ಲೇಸು.) ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ಇದ್ದಲ್ಲಿಯೇ ಇದ್ದರೆ ಭಯ ಬಹುಮಟ್ಟಿಗೆ ದೂರ. ಸಕ್ಕರೆಯನ್ನು ಹೆಚ್ಚಾಗಿ ಹೀರುವ ಜೀವಕೋಶಗಳನ್ನು ಬೆಳಗಿಸಿ ತೋರುವ ಪೆಟ್ ಸ್ಕ್ಯಾನ್ ಇಲ್ಲಿ ಮೋಸಹೋಗಬಹುದು. ಕ್ಯಾನ್ಸರಿನಂತೆ ಸೋಂಕೂ ಸಕ್ಕರೆಪ್ರಿಯ. ರಕ್ತಪರೀಕ್ಷೆ ನೆರವಾಗುತ್ತದೆ, ಆದರೆ ಹಳೆಯ ಗಂಟಿನ ಸುಳಿವು ರಕ್ತದಲ್ಲಿ ಸಿಗದೆ ಹೋಗಬಹುದು. ಬೂಷ್ಟಿನ ಗುರುತು ಸಿಕ್ಕಿತೆಂದು ನಿಶ್ಚಿಂತೆಯಿಂದ ಕೂರುವಂತೆಯೂ ಇಲ್ಲ: ಒಂದೇ ಎದೆಯಲ್ಲಿ ಎರಡೂ ಇರಬಾರದೆಂಬ ನಿಯಮವೇನಿದೆ?

ಸಂದೇಹ ಉಳಿದರೆ ಸೂಜಿಯಿಂದ ಗಂಟಿನ ಚೂರನ್ನು ತೆಗೆಯಬೇಕು. ಕ್ಯಾನ್ಸರ್ ಕೋಶ ಕಾಣಲಿಲ್ಲವೆಂಬುದಷ್ಟೇ ಸಾಲದು, ಸೂಜಿ ಗುರಿ ತಪ್ಪಿರಬಹುದು. ಸೂಕ್ಷ್ಮದರ್ಶಕದಡಿ ಆ ದುಂಡು ಚೀಲಗಳೇ ಕಂಡರೆ ಬೂಷ್ಟಿನ ವೇಷ ಕಳಚಿದಂತೆ. ಇದೂ ಸಾಧ್ಯವಾಗದಾಗ ಎದೆಯನ್ನು ತೆರೆದು, ಗಂಟನ್ನು ಕತ್ತರಿಸಿ ತೆಗೆದ ಮೇಲೆ ಬೂಷ್ಟೆಂದು ತಿಳಿದ ಪ್ರಸಂಗಗಳು ಅನೇಕ.

ಫೀನಿಕ್ಸ್ ನಗರದ ಮಗನ ಮನೆಯಲ್ಲಿ ಆರು ತಿಂಗಳಿದ್ದು ಮೈಸೂರಿಗೆ ಮರಳಿದ ತಂದೆತಾಯಿಯರ ಎದೆಯಲ್ಲಿ ಮಚ್ಚೆ ಕಂಡರೆ ಇಲ್ಲಿನ ವೈದ್ಯರು ಮೊದಲು ನೆನೆಯುವುದು ಕ್ಷಯವನ್ನು, ಅನಂತರ ಕ್ಯಾನ್ಸರನ್ನು. ಅಮೆರಿಕದ ಆ ಧೂಳಿನ ಸುದ್ದಿಯನ್ನು ರೋಗಿಯೇ ಹೇಳದಿದ್ದರೆ ಅವರಿಗೆ ಹೊಳೆಯುವುದಾದರೂ ಹೇಗೆ? ಬೂಷ್ಟಿನದೆಂದು ಖಚಿತವಾದ, ತೊಂದರೆ ಕೊಡದ ಗಂಟಿಗೆ ಸಾಮಾನ್ಯವಾಗಿ ಔಷಧವೇ ಬೇಡ; ರೋಗಿಯನ್ನು ಬರಿಗೈಯಲ್ಲಿ ಮನೆಗೆ ಕಳುಹಿಸುತ್ತಾರೆ.