ರೈಲ್ವೆ ಲೆವೆಲ್ ಕ್ರಾಸಿಂಗ್ ಸುರಕ್ಷತೆ

ರಸ್ತೆಯೂ ರೈಲು ಹಳಿಯೂ ಒಂದೇ ಮಟ್ಟದಲ್ಲಿ ಅಡ್ಡಹಾಯುವ ಸ್ಥಳವನ್ನು ಲೆವೆಲ್ ಕ್ರಾಸಿಂಗ್ ಎನ್ನುತ್ತಾರೆ. ಆಡುಮಾತಿನಲ್ಲಿ ಇದು ರೈಲ್ವೆ ಗೇಟು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವುದರಿಂದ ಘರ್ಷಣೆ ಕಡಿಮೆ. ಆದ್ದರಿಂದ ವೇಗವಾಗಿ ಬರುವ ರೈಲು ತುರ್ತು ಬ್ರೇಕ್ ಹಾಕಿದರೂ ನೂರಾರು ಮೀಟರ್ ಮುಂದೆ ಸಾಗಿಯೇ ನಿಲ್ಲುತ್ತದೆ. ಅಡ್ಡ ಬಂದ ವಾಹನವನ್ನು ಕಂಡ ಮೇಲೆ ಅಪಘಾತ ತಪ್ಪಿಸುವುದು ಚಾಲಕನಿಗೆ ಬಹುಮಟ್ಟಿಗೆ ಅಸಾಧ್ಯ.

ಹಿನ್ನೆಲೆ

ಭಾರತದಲ್ಲಿ ದೀರ್ಘಕಾಲ ಅತಿ ಹೆಚ್ಚು ಅಪಾಯಕಾರಿಯಾಗಿದ್ದವು ಕಾವಲುರಹಿತ ಕ್ರಾಸಿಂಗ್‌ಗಳು. ಅನಿಲ್ ಕಾಕೋಡ್ಕರ್ ಅಧ್ಯಕ್ಷತೆಯ ಉನ್ನತ ಮಟ್ಟದ ಸುರಕ್ಷತಾ ಪರಿಶೀಲನಾ ಸಮಿತಿಯು 2012ರಲ್ಲಿ ಎಲ್ಲ ಲೆವೆಲ್ ಕ್ರಾಸಿಂಗ್‌ಗಳನ್ನೂ ತೆಗೆದುಹಾಕಬೇಕೆಂದು ಶಿಫಾರಸು ಮಾಡಿತು. 2018ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಕುಶಿನಗರ ಜಿಲ್ಲೆಯಲ್ಲಿ ಶಾಲಾ ವಾಹನಕ್ಕೆ ರೈಲು ಬಡಿದು 13 ಮಕ್ಕಳು ಮೃತಪಟ್ಟರು. 2019ರ ಜನವರಿಯ ವೇಳೆಗೆ ಬ್ರಾಡ್‌ಗೇಜ್ ಮಾರ್ಗಗಳ ಕಾವಲುರಹಿತ ಕ್ರಾಸಿಂಗ್‌ಗಳನ್ನು ನಿರ್ಮೂಲನೆ ಮಾಡಲಾಯಿತು.

ಇಂಟರ್‌ಲಾಕಿಂಗ್

ಕಾವಲುಗಾರನಿದ್ದ ಮಾತ್ರಕ್ಕೆ ಅಪಾಯ ನೀಗುವುದಿಲ್ಲ. ಇಂಟರ್‌ಲಾಕಿಂಗ್ ಇರುವೆಡೆ ಗೇಟು ಮುಚ್ಚಿ ಬೀಗ ಬೀಳದೆ ರೈಲಿಗೆ ಸಿಗ್ನಲ್ ದೊರೆಯದು. ಸಿಗ್ನಲ್ ದೊರೆತ ಮೇಲೆ ರೈಲು ದಾಟುವವರೆಗೆ ಗೇಟು ಸಾಮಾನ್ಯವಾಗಿ ತೆರೆಯದು. ಈ ವ್ಯವಸ್ಥೆ ಇಲ್ಲದ ಗೇಟಿನಲ್ಲಿ ಸುರಕ್ಷತೆಯು ಸ್ಟೇಷನ್ ಮಾಸ್ಟರ್ ಮತ್ತು ಗೇಟ್‌ಮ್ಯಾನ್ ನಡುವಣ ದೂರವಾಣಿ ಮಾತುಕತೆಯನ್ನು ಅವಲಂಬಿಸಿರುತ್ತದೆ. 2025ರ ಜುಲೈ 8ರಂದು ತಮಿಳುನಾಡಿನ ಕಡಲೂರು ಬಳಿಯ ಸೆಮ್ಮಂಕುಪ್ಪಂನಲ್ಲಿ ಶಾಲಾ ವಾಹನಕ್ಕೆ ರೈಲು ಬಡಿದು ವಿದ್ಯಾರ್ಥಿಗಳು ಮೃತಪಟ್ಟ ದುರಂತವು ನಡೆದದ್ದು ಕಾವಲುಗಾರನಿದ್ದರೂ ಇಂಟರ್‌ಲಾಕಿಂಗ್ ಇಲ್ಲದ ಇಂಥದೇ ಗೇಟಿನಲ್ಲಿ.

ನಗರಗಳ ಸಮಸ್ಯೆಗಳು

ನಗರದಲ್ಲಿ ಗೇಟು ಪದೇಪದೇ ಮುಚ್ಚುವುದರಿಂದ ವಾಹನಗಳ ಸಾಲು ಬೆಳೆಯುತ್ತದೆ. ಕಾಯುವ ತಾಳ್ಮೆಯಿಲ್ಲದ ದ್ವಿಚಕ್ರ ಸವಾರರೂ ಪಾದಚಾರಿಗಳೂ ಅಡ್ಡಪಟ್ಟಿಯ ಕೆಳಗೆ ನುಸುಳುತ್ತಾರೆ. ಎರಡೂ ಬದಿಯವರು ರಸ್ತೆಯ ಪೂರ್ಣ ಅಗಲವನ್ನು ಆಕ್ರಮಿಸಿ ನಿಂತರೆ, ಗೇಟು ತೆರೆದಾಗ ವಾಹನಗಳು ಹಳಿಯ ಮೇಲೆಯೇ ಸಿಕ್ಕಿಬೀಳುತ್ತವೆ. ಹತ್ತಿರದಲ್ಲಿ ವೃತ್ತವಿದ್ದರೆ ಅಲ್ಲಿನ ದಟ್ಟಣೆಯೂ ಹಳಿಯವರೆಗೆ ಚಾಚಬಹುದು.

ಸುಧಾರಣಾ ಕ್ರಮಗಳು

ಶಾಶ್ವತ ಪರಿಹಾರವೆಂದರೆ ಮೇಲ್ಸೇತುವೆ ಅಥವಾ ಕೆಳಸೇತುವೆ. ಇವುಗಳ ಅಗತ್ಯವನ್ನು ಅಳೆಯಲು ದಿನವೊಂದಕ್ಕೆ ಹಾಯುವ ರೈಲುಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಸಂಖ್ಯೆಯಿಂದ ಗುಣಿಸಿ ‘ಟಿವಿಯು’ ಎಂಬ ಮಾನವನ್ನು ಲೆಕ್ಕಹಾಕುತ್ತಾರೆ. ಉದಾಹರಣೆಗೆ, 40 ರೈಲುಗಳೂ 2,500 ವಾಹನಗಳೂ ದಾಟುವ ಗೇಟಿನ ಟಿವಿಯು 1 ಲಕ್ಷ. ರಾಷ್ಟ್ರೀಯ ಹೆದ್ದಾರಿಗಳನ್ನು ಗೇಟುಮುಕ್ತಗೊಳಿಸಲು 2016ರಲ್ಲಿ ‘ಸೇತು ಭಾರತಂ’ ಯೋಜನೆ ಆರಂಭವಾಯಿತು. ಕೆಳಸೇತುವೆಯಲ್ಲಿ ಮಳೆನೀರು ನಿಂತರೆ ಅದೇ ಹೊಸ ಅಪಾಯವಾಗುವುದರಿಂದ ಚರಂಡಿ ಮತ್ತು ಪಂಪುಗಳ ನಿರ್ವಹಣೆ ಅತ್ಯಗತ್ಯ. ಪಾದಚಾರಿಗಳ ದಾರಿ ತೀರಾ ಸುತ್ತುಬಳಸಾದರೆ ಸೇತುವೆಯಿದ್ದರೂ ಜನ ಹಳಿಯನ್ನೇ ದಾಟುತ್ತಾರೆ.

ಸೇತುವೆ ಆಗುವವರೆಗೆ ರಸ್ತೆಉಬ್ಬು, ಎಚ್ಚರಿಕೆ ಫಲಕ, ದೀಪ, ಏರುತಗ್ಗಿಲ್ಲದ ರಸ್ತೆ ಮೇಲ್ಮೈ ಮತ್ತು ರಸ್ತೆ ವಿಭಜಕಗಳು ನೆರವಾಗುತ್ತವೆ. ವಿದ್ಯುದೀಕೃತ ಮಾರ್ಗಗಳಲ್ಲಿ ಎತ್ತರದ ಸರಕು ವಾಹನಗಳು 25,000 ವೋಲ್ಟ್ ತಂತಿಗೆ ತಾಗದಂತೆ ಗೇಟಿನ ಎರಡೂ ಬದಿ ಎತ್ತರ ಮಿತಿಯ ಚೌಕಟ್ಟು ನಿಲ್ಲಿಸಲಾಗುತ್ತದೆ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 131ನೇ ಕಲಮಿನಂತೆ, ಕಾವಲುರಹಿತ ಕ್ರಾಸಿಂಗ್‌ನಲ್ಲಿ ಚಾಲಕನು ವಾಹನ ನಿಲ್ಲಿಸಿ, ರೈಲು ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡೇ ದಾಟಬೇಕು. 1989ರ ರೈಲ್ವೆ ಕಾಯ್ದೆಯ 160ನೇ ಕಲಮಿನಂತೆ, ಮುಚ್ಚಿದ ಗೇಟನ್ನು ಅಕ್ರಮವಾಗಿ ತೆರೆದವರಿಗೆ 3 ವರ್ಷಗಳವರೆಗೆ, ಮುರಿದವರಿಗೆ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.