ಅಂಗಳದ ಹುಲ್ಲಿಗೆ ಬೆಂಕಿ ಬೇಡ



ನಮ್ಮ ಕರಾವಳಿಯಲ್ಲಿ ಮಳೆ ನಿಂತು ದೀಪಾವಳಿ ಬಂತೆಂದರೆ ಅಂಗಳದ ತುಂಬ ಮೊಣಕಾಲೆತ್ತರ ಹುಲ್ಲು. ಹಾವಿನ ಭಯಕ್ಕೆ ಅದನ್ನು ಬೇರು ಸಮೇತ ಕೆತ್ತಿ, ತರಗೆಲೆ ಗುಡಿಸಿ, ಬೆಂಕಿ ಹಾಕ್ತೇವೆ. ಹೊಗೆ ಮಕ್ಕಳ ಎದೆಗೆ, ಗೊಬ್ಬರ ಗಾಳಿಗೆ! ಮುಂದಿನ ಮಳೆಗೆ ಬರೀ ನೆಲದ ಮೇಲ್ಮಣ್ಣೂ ಕೊಚ್ಚಿ ಹೋಗುತ್ತದೆ.

ಹುಲ್ಲು ಬೀಜ ಕಟ್ಟುವ ಮೊದಲೇ ಕತ್ತಿಯಿಂದ ಸವರಿ, ಬೇರು ಇರಲಿ. ದನ ಇದ್ದವರು ದನಕ್ಕೆ ಹಾಕಿ. ಉಳಿದದ್ದನ್ನು ಎರಡು ದಿನ ಬಿಸಿಲಲ್ಲಿ ಬಾಡಿಸಿ, ತರಗೆಲೆ ಜೊತೆ ಅಲಸಂಡೆ, ಬದನೆ ಸಾಲಿಗೆ ನಾಲ್ಕು ಬೆರಳು ದಪ್ಪ ಹೊದಿಸಿ. ಬುಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ಮಣ್ಣಿನ ತೇವ ಬೇಗ ಆರುವುದಿಲ್ಲ. ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗ ಒಂದೆರಡು ಕೊಡ ನೀರು ಉಳಿದರೂ ಲಾಭವೇ ಅಲ್ವಾ? ಗೆದ್ದಲು ಇರುವಲ್ಲಿ ತೆಳ್ಳಗೆ ಸಾಕು. ಮನೆಗೋಡೆಯ ಪಕ್ಕ ಮಾತ್ರ ರಾಶಿ ಹಾಕಬೇಡಿ, ಹಾವು ಸೇರುವುದು ಅಲ್ಲೇ.