ಬೋಳು ಬೆಟ್ಟಕ್ಕೆ ಹೊತ್ತ ಮಣ್ಣು

ಎಲೆ ಉದುರಿದರೆ ಅಂಗಳ ಗುಡಿಸುವ ಕೆಲಸ ಹೆಚ್ಚಿತೆಂದು ಗೊಣಗುತ್ತೇವಲ್ಲ ಗೆಳತಿಯರೇ, ಜಪಾನಿನ ನಿಕ್ಕೊದಲ್ಲಿ ಮೇಪಲ್ ಎಲೆ ಕೆಂಪಾಗುವುದನ್ನು ನೋಡಲೆಂದೇ ಜನ ದೂರದಿಂದ ಬರುತ್ತಾರೆ! ಆದರೆ ಪಕ್ಕದ ಆಶಿಯೋ ಬೆಟ್ಟಗಳು ಬೋಳಾಗಿದ್ದವು. ಮರ ಕಡಿದದ್ದಲ್ಲದೆ ತಾಮ್ರದ ಕುಲುಮೆಯ ಗಂಧಕದ ಹೊಗೆಗೂ ಕಾಡು ಸತ್ತಿತು. ಬೇರಿನ ಹಿಡಿತವಿಲ್ಲದೆ ಮಣ್ಣೆಲ್ಲ ಮಳೆಗೆ ಕೊಚ್ಚಿಹೋಯಿತು. 1902ರಲ್ಲಿ ಮತ್ಸುಕಿ ಎಂಬ ಹಳ್ಳಿಯೇ ಖಾಲಿಯಾಯಿತು. ಗಣಿ ಮುಚ್ಚಿದ್ದು 1973ರಲ್ಲಿ.

ಬರೀ ಕಲ್ಲಿನ ಮೇಲೆ ಗಿಡ ಬೇರೂರೀತೇ? 1996ರಿಂದ ಸ್ವಯಂಸೇವಕರು, ಶಾಲೆಯ ಮಕ್ಕಳು ಮಣ್ಣು, ಸಸಿ ಹೊತ್ತು ಕಡಿದಾದ ಬೆಟ್ಟ ಹತ್ತಿ, ಆ ನೆಲದ್ದೇ ಓಕ್, ಮೇಪಲ್ ಮೊದಲಾದ ಗಿಡ ನೆಡುತ್ತಿದ್ದಾರೆ. ಜಿಂಕೆ ತಿನ್ನದಂತೆ ಬೇಲಿಯೂ ಬೇಕು. ಎಷ್ಟೋ ಇಳಿಜಾರುಗಳೀಗ ಹಸಿರಾಗಿವೆ.

ನಾಳೆ ಅಂಗಳ ಗುಡಿಸುವಾಗ ಎಲೆಗೆ ಬೆಂಕಿ ಇಡಬೇಡಿ. ಗಿಡದ ಬುಡಕ್ಕೆ ಹಾಕಿ, ಅದೇ ಮಣ್ಣಾಗುತ್ತದೆ!